ನಿಂತ ಗಾಡಿ

ಬಸ್ಸು ಬ್ರೇಕು ಹಾಕಿದ್ದೇ ತಡ ಗಂಡನ ಭುಜ ಬಂದು ರುದ್ರಾಣಿಯ ಭುಜಕ್ಕೆ ಬಡಿದು ಅಲ್ಲೇ ಆತುಕೊಂಡಿತು, ಸರಿದು ಕೂರಲೂ ಜಾಗವಿಲ್ಲ — ನರಸೀಪುರ ಬಿಟ್ಟಾಗಿನಿಂದ ಗುರುಮಲ್ಲಪ್ಪನದು ಒಂದೇ ರಾಗ, ನೀನೇ ಯೋಳು, ನಿಮ್ಮಪ್ಪ ನಿನ್ ಮಾತು ತಗುದಾಕಲ್ಲ, ಗಾಡಿ ಎದುರುಗೇ ಓಡುಸ್ಕಂಡ್ ಬಂದೆ ಅಂತ ಪೊಲೀಸ್ನೋರ್ ಮುಂದೆ ಅಂದ್ಬುಟ್ರೆ ಅಣ್ಣಯ್ಯ ಬಚಾವು — ಅಣ್ಣಯ್ಯನಂತೆ, ಬಚಾವಂತೆ, ಕಾಲು ಮುರಿದುಕೊಂಡು ನಂಜನಗೂಡಿನ ಆಸ್ಪತ್ರೆಯಲ್ಲಿ ಬಿದ್ದಿರುವ ಅಪ್ಪ ಯಾರಿಗೂ ಬೇಡ, ಹುಲ್ಲಹಳ್ಳಿ ನಾಲೆಯ ಹತ್ತಿರ ಎತ್ತು ಬಿಚ್ಚಿ ನೀರಿಗೆ ಬಿಟ್ಟು, ನೊಗಕ್ಕೆ ಊರುಗೋಲು ಕೊಟ್ಟು, ನಿಂತ ಗಾಡಿಯ ಹುಲ್ಲಿನ ಮೇಲೆ ಒರಗಿದ್ದ ಮನುಷ್ಯ, ಗಂಡನ ಅಣ್ಣ, ಭಾವ ಪುಟ್ಟಬಸವಯ್ಯನ ಲಾರಿ ಬಂದು ಗುದ್ದಿ, ನೊಗ ಬಂಪರಿಗೆ ಸಿಕ್ಕಿಕೊಂಡು, ಗಾಡಿ ಲಾರಿ ಎರಡೂ ಒಂದೇ ಆಗಿ ಅಷ್ಟು ದೂರದ ಸೇತುವೆವರೆಗೂ ಹೋಗಿವೆ, ಎತ್ತುಗಳು ನೀರಿನಿಂದ ಮೂತಿ ಎತ್ತಿ ನೋಡಿರಬೇಕು — ಮೆಲ್ಲುಗ್ ಬತ್ತಿದ್ದೆ ಅನ್ನುತ್ತಾರೆ ಭಾವ, ಯಾವ ಬಾಯಲ್ಲಿ ಅನ್ನುತ್ತಾರೋ, ಹೈಸ್ಕೂಲಿನ ಹುಡುಗರಿಗೆ ಪಾಠ ಮಾಡುವಾಗ ಅವಳೇ ಜೇಡಿಮಣ್ಣಿನ ಉಂಡೆ ಉರುಳಿಸಿ ತೋರಿಸಿಲ್ಲವೇ, ಓಡಿಬಂದದ್ದು ನಿಂತದ್ದಕ್ಕೆ ಮೆತ್ತಿಕೊಂಡರೆ ಎರಡರ ಒಟ್ಟು ಸಂವೇಗ ಮೊದಲಿದ್ದಷ್ಟೇ, ಭಾರ ಹೆಚ್ಚಿ ವೇಗ ಇಳಿಯುತ್ತದೆ, ಎದುರಿನಿಂದ ಬಂದಿದ್ದರೆ ಇನ್ನೂ ಇಳಿಯಬೇಕು, ಇಳಿದ ಮೇಲೂ, ಬ್ರೇಕು ಹಾಕಿದ ಮೇಲೂ ಸೇತುವೆವರೆಗೆ ಎಳೆದುಕೊಂಡು ಹೋಯಿತೆಂದರೆ ಅದು ಮೆಲ್ಲಗೆ ಬಂದ ಲಾರಿಯೇನು, ಆ ಓಟದಲ್ಲಿ ಗಾಡಿಯದು ಏನಿತ್ತು, ಏನೂ ಇಲ್ಲ, ಸೊನ್ನೆ — ಮದುವೆಯಾದ ಹೊಸದರಲ್ಲಿ ಅತ್ತೆ ಚನ್ನಬಸಮ್ಮ ಅಂದಿದ್ದರು, ಈ ಮನೆ ಸೇರ್ಕಂಡ್ ಮ್ಯಾಲೆ ಈ ಮನೆ ದಾರಿನೇ ನಿನ್ ದಾರಿ ಕಣವ್ವ, ಸೇರಿಕೊಂಡಿದ್ದಾಳೆ, ಇಲ್ಲವೆಂದವರಾರು, ಆದರೆ ಅವಳಿಗೂ ಒಂದು ಭಾರವಿದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ, ಕಾಲಿಗೆ ಬಿಳಿಯ ಕಟ್ಟು, ಅಪ್ಪ ಒಂದೇ ದಿನಕ್ಕೆ ಇಷ್ಟು ಸಣ್ಣಗಾದರೇ, ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸ್ ದಫೇದಾರರು ಹೊರಗೆ ಬೀಡಿ ಸೇದುತ್ತಿದ್ದಾರೆ, ಗಂಡ ಹೇಳುವುದನ್ನೆಲ್ಲ ಹೇಳಿ ಮುಗಿಸಿದ, ಅಪ್ಪ ಅವನ ಕಡೆ ತಿರುಗಲೇ ಇಲ್ಲ, ಮಗಳ ಮುಖವನ್ನೇ ನೋಡುತ್ತ, ನೀನಲ್ಲಿ ಬಾಳ್ಬೇಕಲ್ಲವ್ವ, ನಾನೇ ಓಡುಸ್ಕಂಡ್ ಬಂದೆ ಅಂತ ಬರ್ಕಳ್ಲಿ ಬುಡು — ಮೈಯೆಲ್ಲ ಉರಿದುಹೋಯಿತು, ಮುರಿದ ಕಾಲನ್ನೂ ಮಗಳ ಬಾಳಿಗೆ ಬಳುವಳಿ ಕೊಡಬೇಕೇ ಈ ಮನುಷ್ಯ, ಎತ್ತು ಬಿಚ್ಚಿ ಬಿಟ್ಟಿದ್ರು ಕಣ್ರೀ, ದಫೇದಾರರಿಗೆ ನಾನೇ ಹೇಳ್ತೀನಿ, ಅಂದದ್ದು ತನ್ನದೇ ಗಂಟಲು, ಗುರುಮಲ್ಲಪ್ಪ ಅವಳ ರಟ್ಟೆ ಹಿಡಿದ, ಅವಳು ಬಾಗಿಲ ಕಡೆ ನಡೆದೇ ನಡೆದಳು, ಹಿಡಿದವನು ಹಿಡಿದಂತೆಯೇ ಅವಳ ಹಿಂದೆ ಎರಡು ಹೆಜ್ಜೆ ಬಂದ, ಬರಲಿ, ಓಡಿಸಿಕೊಂಡು ಬಂದಿದ್ದರೆ ಎತ್ತುಗಳಿಗೆ ಒಂದು ಗೀರಾದರೂ ಬೇಡವೇ, ಎತ್ತು, ಅವಳ ಕಣ್ಣ ಮುಂದೆ ನಾಲೆಯಲ್ಲಿ ಮಂಡಿಯುದ್ದ ನೀರಿನಲ್ಲಿ ಎರಡು ಎತ್ತು, ಮೈಮೇಲೆ ಒಂದು ಗೀರಿಲ್ಲ, ಮೂತಿಯಿಂದ ನೀರು ತೊಟ್ಟಿಕ್ಕುತ್ತಿದೆ —