ಗುಲಾಬಿ ಪೂಜಾವಸ್ತ್ರ

ಇಸ್ತ್ರಿಪೆಟ್ಟಿಗೆಗೆ ಒಲೆಯ ಕೆಂಡ ತುಂಬಿ, ಬೂದಿ ಹಾರುವಂತೆ ಊದುತ್ತಿದ್ದೆ. ಮಗಳು ಸಿಸಿಲಿಯ ಲಂಗ ಮುಂದೆ ಹರಡಿತ್ತು. ಅಷ್ಟರಲ್ಲಿ ಇಗರ್ಜಿಯ ಉಪದೇಶಿ ಚೌರಪ್ಪ ಬಾಗಿಲಲ್ಲಿ ನಿಂತು ಕೂಗಿದರು.

“ಲೂರ್ದಮ್ಮಾ, ನಾಳೆ ಗುಲಾಬಿ ಕಣವ್ವ! ಫಾದರ್ ನೆನಪು ಮಾಡ್ಬಾ ಅಂದ್ರು.”

“ನಾನೇನ್ ಮರ್ತಿಲ್ಲ.”

“ಮಿಕ್ಕಿದ್ದೆಲ್ಲ ಮರೆಯಲ್ಲ ನೀನು. ಇದೊಂದಕ್ಕೇ ನಾನು ಬರ್ಬೇಕು!”

ಅವರ ಮಾತು ಸುಳ್ಳಲ್ಲ. ಗುರುಗಳು ತೊಡುವ ಪೂಜಾವಸ್ತ್ರಗಳ ಬೀರು ನನ್ನ ವಶದಲ್ಲಿತ್ತು. ಸಾಧಾರಣ ದಿನಗಳ ಹಸಿರು ಕೈಗೆಟಕುವ ಖಾನೆಯಲ್ಲಿ, ತಪಸ್ಸುಕಾಲದ ನೇರಳೆ ಅದರ ಕೆಳಗೆ, ಹಬ್ಬದ ಬಿಳಿ ಹಳೆಯ ಪಂಚೆಯ ಗಂಟಿನೊಳಗೆ. ಯಾವುದರ ಅಂಚು ಬಿಟ್ಟಿದೆ, ಯಾವುದಕ್ಕೆ ಮೇಣ ಬಿದ್ದಿದೆ ಎಂಬುದು ನನ್ನ ಬೆರಳಿಗೇ ಗೊತ್ತಿತ್ತು. ವರ್ಷಕ್ಕೆ ಎರಡೇ ಭಾನುವಾರ ಹೊರಬರುವ ಗುಲಾಬಿಯನ್ನು ಮಾತ್ರ ತೀರ ತಳದಲ್ಲಿ, ಹರಿದ ಪರದೆಗಳ ಅಡಿ ಇಟ್ಟಿದ್ದೆ.

ಅದು ರೆಜೀನಳ ಮದುವೆ ಸೀರೆ. ರೆಜೀನ ನನ್ನ ಗಂಡನ ಮೊದಲ ಹೆಂಡತಿ. ಸಿಸಿಲಿಯನ್ನು ಹೆತ್ತು, ಮಗು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡವಳು. ಎಳೆವಯಸ್ಸಿನಲ್ಲಿ ಹೋದವಳ ಮದುವೆ ಸೀರೆಯನ್ನು ಮತ್ತೊಬ್ಬಳು ಉಡಬಾರದು, ಅದು ಪೂಜಾವಸ್ತ್ರವಾಗಬೇಕು ಎಂಬುದು ನಮ್ಮೂರ ಪದ್ಧತಿ. ಬೇರೆ ಭಾನುವಾರ ಬಾಗಿಲ ಬಳಿ ನಿಂತೇ ಪೂಜೆ ಮುಗಿಸುವ ನನ್ನ ಗಂಡ, ಆ ಎರಡು ದಿನ ಮುಂದಿನ ಸಾಲಿನಲ್ಲಿ ಮಂಡಿಯೂರುತ್ತಿದ್ದರು. ಗುರುಗಳ ಬೆನ್ನ ಮೇಲಿನ ಜರಿಹೂಗಳಿಂದ ಕಣ್ಣು ಕೀಳುತ್ತಿರಲಿಲ್ಲ. ಬದುಕಿದ್ದ ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇವಳಿಗೆ ನಾನೇ ಬೇವಿನೆಲೆ ಇಟ್ಟು, ನುಸಿ ಹಿಡಿಯದಂತೆ ಕಾಯಬೇಕಿತ್ತು. ಸಿಸಿಲಿಯಾದರೂ ಪೂರ್ತಿ ನನ್ನವಳೆಂದುಕೊಂಡಿದ್ದೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಪೂಜಾವಸ್ತ್ರವನ್ನು ಮನೆಗೆ ತರುವಂತಿರಲಿಲ್ಲ. ಕೆಂಡ ಆರುವ ಮುನ್ನ ಪೆಟ್ಟಿಗೆ ಹಿಡಿದು ಇಗರ್ಜಿಗೆ ಹೊರಟೆ. ಸಿಸಿಲಿ ಗೊಂಬೆಯೊಂದಿಗೆ ಹಿಂದೆ ಬಂದಳು. ಗೊಂಬೆಯ ತಲೆಗೆ ಅವಳ ಹಳೆಯ ಕುಲಾವಿ. “ಇದನ್ನ ಯಾರು ಹೊಲಿದಿದ್ದು?” ಎಂದು ಕೆಲವು ದಿನಗಳಿಂದ ಕೇಳುತ್ತಿದ್ದಳು. “ನಿಮ್ಮಜ್ಜಿ” ಎಂದರೆ, ಇನ್ನೇನೋ ಕೇಳಲು ಬಾಯಿ ತೆರೆದು, ಅದರ ಜರಿಹೂಗಳನ್ನು ಸವರುತ್ತಿದ್ದಳು.

ಇಗರ್ಜಿಯ ಬಾಗಿಲಲ್ಲಿ ಚೌರಪ್ಪ ಅವಳ ಗಲ್ಲ ಹಿಡಿದರು. “ಈ ಮೊಕ ನೋಡವ್ವ, ಥೇಟು...” ನಾನು ಕೆಕ್ಕರಿಸಿ ನೋಡಿದೆ. ಅವರು ಕೆಮ್ಮಿದರು. “ಥೇಟು ಗೋಡೆ ಮೇಲಿನ ದೇವದೂತ!” ಎಂದು ಗಂಟೆಯ ಕಡೆಗೆ ನಡೆದುಬಿಟ್ಟರು.

ಗುಲಾಬಿಯನ್ನು ಮೇಜಿನ ಮೇಲೆ ಹರಡಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದೆ. ಆವಿ ಎದ್ದಿತು. ಸಿಸಿಲಿ ಗೊಂಬೆಯ ಕುಲಾವಿ ಬಿಚ್ಚಿ ಅಂಚಿನ ಪಕ್ಕದಲ್ಲಿಟ್ಟು, ಇದರ ಹೂವು, ಅದರ ಹೂವು ಎಂದು ಬೆರಳಾಡಿಸಿದಳು.

“ಎರಡೂ ಒಂದೇ.”

ನಾನು ಒದ್ದೆ ಬಟ್ಟೆಯನ್ನು ಮುಂದಕ್ಕೆ ಸರಿಸಿದೆ.

“ಇದು ಸೀರೆ ಆಗಿತ್ತಾ?”

“ಹೂಂ.”

ಪೆಟ್ಟಿಗೆಯನ್ನು ಕೆಳಗಿಟ್ಟರೆ ಬಟ್ಟೆ ಸುಡುತ್ತಿತ್ತು. ಎತ್ತಿ ಹಿಡಿದೇ ನಿಂತೆ. ತೂತುಗಳ ಹಿಂದೆ ಕೆಂಡ ಗುಲಾಬಿ ಬಣ್ಣಕ್ಕೆ ತಿರುಗಿ ಉಸಿರಾಡುತ್ತಿತ್ತು.

“ಅಮ್ಮಾ, ಈ ಸೀರೆ ಉಟ್ಟಿದ್ದೋರು ನಂಗೇನಾಗ್ಬೇಕು?”