ಪಡಸಾಲಿ ಕೇಂದ್ರ

ಮೊದಲು ಕಿರ್ ಎಂದಿತು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಕಿರ್.

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಮಲಗುವ ಮುಂಚೆ ಹಿಂಬಾಗಿಲ ಚಿಲಕವನ್ನೂ ಗ್ಯಾಸಿನ ಗುಂಡಿಯನ್ನೂ ಇನ್ನೊಮ್ಮೆ ಮುಟ್ಟಿ ನೋಡಿ ಬರುವವಳು ನಾನು, ಈ ಮನೆಯ ಸದ್ದುಗಳೆಲ್ಲ ನನಗೆ ಗೊತ್ತು. ಇದು ನಮ್ಮ ಪಡಸಾಲೆಯ ತೂಗುಮಂಚದ ಸರಪಳಿ. ಆದರೆ ಅಪ್ಪ ತೀರಿಕೊಂಡ ವರ್ಷವೇ ಆ ತೂಗುಮಂಚವನ್ನು ಇಳಿಸಿ ಮ್ಹೈಸಾಳದ ಮಾಮಾನ ಮನೆಗೆ ಕಳಿಸಿದ್ದೆವು. ಈಗ ತೊಲೆಯಲ್ಲಿ ಕೊಂಡಿಗಳು ಮಾತ್ರ ಇವೆ.

ಸದ್ದು ಅಕ್ಕನ ಕೋಣೆಯಿಂದ ಬರುತ್ತಿತ್ತು. ಬಾಗಿಲು ತೆರೆದೆ. ಸುಮನಕ್ಕ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲಿದ್ದ ಮೊಬೈಲಿನಿಂದ ಸಣ್ಣ ದನಿಯಲ್ಲಿ ಇಂಗ್ಲಿಷ್ ಹಾಡು ಬರುತ್ತಿತ್ತು. ಅದರ ಹಿಂದೆ, ಹಾಡಿನ ತಾಳಕ್ಕೆ ಕೂಡದೆ, ನಮ್ಮ ಸರಪಳಿ ಕಿರುಗುಟ್ಟುತ್ತಿತ್ತು. ಅಕ್ಕ ಬೆರಳೆತ್ತಿ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

ಹಾಡು ಮುಗಿದ ಮೇಲೆ ಒಬ್ಬ ಗಂಡಸು ಮರಾಠಿಯಲ್ಲಿ ಮಾತಾಡಿದ. ಎಂಬತ್ತರ ದಶಕದ ನ್ಯೂ ವೇವ್ ಸಂಗೀತ ಕೇಳುತ್ತಿದ್ದೀರಿ, ಇದು ನನ್ನ ಸಂಕಲನಮಾಲೆ. ಆಗ ನಾನು ಹುಡುಗ, ರಾತ್ರಿಯೆಲ್ಲ ಎದ್ದು ಕೂತು ಶಾರ್ಟ್‌ವೇವ್ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಒಂದೊಂದೇ ಹಾಡು ಕೂಡಿಸಿದೆ. ಆ ಕಾಲದ ಧೂಳನ್ನು ಬೇಕೆಂದೇ ಒರೆಸಿಲ್ಲ. ಹಿಂದೆ ಕಿರ್ ಎಂದದ್ದು ನನ್ನ ತಾಯಿಯ ತೂಗುಮಂಚ.

ದನಿ ಅಭಿಜಿತನದು. ಸಾಂಗಲಿಯ ಎಫ್‌ಎಂ ಕೇಂದ್ರವೊಂದರಲ್ಲಿ ಅವನು ಹೆಸರಾದ ನಿರೂಪಕ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯವನು. ಅವನ ಮನೆಯಲ್ಲಿ ತೂಗುಮಂಚವೇ ಇರಲಿಲ್ಲ.

"ಅಕ್ಕಾ, ಇವು ನಿನ್ನ ಕ್ಯಾಸೆಟ್ ಅಲ್ಲೇನು?"

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ನಿನಲ್ಲಿ ಅಕ್ಕನ ಧ್ವನಿಪೆಟ್ಟಿಗೆ ತೆಗೆದರು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು; ಅದರ ಗುಂಯ್ ಎನ್ನುವ ದನಿಯನ್ನು ಒಮ್ಮೆ ಕೇಳಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ. ಬರೆದ ಮಾತಿಗೆ ಸ್ವರವಿಲ್ಲ ಎನ್ನುತ್ತಾರೆ. ಅಕ್ಕನ ಸಿಟ್ಟಿಗೆ ಸ್ವರ ಬೇಕಾಗುತ್ತಿರಲಿಲ್ಲ.

'ನನ್ನವ. ಈಗ ಗೊತ್ತಾತೇನು ನಿನಗ.'

ಆ ಕಾಲದಲ್ಲಿ ರೇಡಿಯೋವನ್ನು ಟೇಪ್ ರೆಕಾರ್ಡರಿಗೆ ಜೋಡಿಸುವ ವೈರು ಮನೆಯಲ್ಲಿ ಇರಲಿಲ್ಲ. ಅಕ್ಕ ರೇಡಿಯೋವನ್ನು ಪಡಸಾಲೆಯ ಕಿಟಕಿಯಲ್ಲಿಟ್ಟು ಅದರ ಬಾಯಿಗೆ ಟೇಪ್ ರೆಕಾರ್ಡರ್ ಹಚ್ಚುತ್ತಿದ್ದಳು. ಹಾಡಿನ ಜೊತೆಗೆ ಮನೆಯೂ ಒಳಗೆ ಹೋಗುತ್ತಿತ್ತು: ಅವ್ವನ ಕೆಮ್ಮು, ರೈಲಿನ ಶಿಳ್ಳೆ, ತೂಗುಮಂಚ. ನ್ಯೂ ವೇವ್ ಎಂದರೆ ಗಿಟಾರಿಗಿಂತ ಕೀಬೋರ್ಡು ಹೆಚ್ಚು, ಡ್ರಮ್ಮಿನ ಬದಲು ಯಂತ್ರದ ಟಕಟಕ, ನಿದ್ದೆಯಲ್ಲಿ ಮಾತಾಡುವವರಂತೆ ಹಾಡುವ ಗಂಡಸರು. ಅವಳಿಗೆ ಅದೇ ಬೇಕಾಗಿತ್ತು. ಪ್ರತಿ ಹಾಡಿನ ಮುಂಚೆ ತಾನೇ ನಿರೂಪಕಿಯಾಗಿ ಹೇಳುತ್ತಿದ್ದಳು. "ಇದು ಮಿರಜದ ಪಡಸಾಲಿ ಕೇಂದ್ರ. ಸುಮನ ಮಾತಾಡಾಕತ್ತೇನಿ. ಕಿವಿ ಇದ್ದವರು ಕೇಳ್ರಿ, ಇಲ್ಲದವರು ಉಂಡು ಮಲಗ್ರಿ." ಮದುವೆಯಾಗಿ ಇಚಲಕರಂಜಿಗೆ ಹೋಗುವಾಗ, ಅಪ್ಪ ಎಸೆದುಬಿಟ್ಟಾನೆಂದು, ಕ್ಯಾಸೆಟ್ಟುಗಳನ್ನೆಲ್ಲ ಅಭಿಜಿತನ ಕೈಗೆ ಕೊಟ್ಟಿದ್ದಳು. ಗಂಡ ತೀರಿಕೊಂಡು ಅವಳು ಮರಳಿ ಬರುವಷ್ಟರಲ್ಲಿ ಅವನು ಸಾಂಗಲಿಗೆ ಮನೆ ಬದಲಿಸಿದ್ದ.

"ಅವನು ತನ್ನವು ಅಂತ ಹೇಳಾಕತ್ತಾನ. ನೀ ಸುಮ್ನ ಕೇಳ್ತಿಯಲ್ಲ."

ಅವಳು ಬಹಳ ಹೊತ್ತು ಬರೆದಳು. 'ಹೇಳಲಿ ಬಿಡು. ಬರೋ ರವಿವಾರ ಕಡೀ ಭಾಗ. ಹಾಡು ಹಾಡಿನ ನಡುವ ನಾ ಮಾತಾಡಿದ ಕ್ಯಾಸೆಟ್ ಅದು. ಧೂಳ ಒರೆಸಿಲ್ಲ ಅಂತಾನಲ್ಲ, ನನ್ನ ದನಿ ಹೆಂಗ ತಗೀತಾನ. ನನಗ ಅದೊಂದು ಕೇಳಬೇಕು. ನೀ ನಡುವ ಹೋಗಿ ಕೆಡಿಸಬ್ಯಾಡ.'

ಆಮೇಲೆ ಇನ್ನೊಂದು ಸಾಲು. 'ಯಾವಾಗೂ ಕೆಡಿಸಾಕಿ ನೀನ.'

ಅವಳ ದನಿ ಬೇರೆಲ್ಲೂ ಇಲ್ಲ. ಮದುವೆಯ ವಿಡಿಯೋದಲ್ಲಿ ಬರೀ ಸನಾದಿ. ಮೊಬೈಲು ಬಂದ ಮೇಲೂ ಅಕ್ಕ ಯಾರಿಗೂ ದನಿಯ ಸಂದೇಶ ಕಳಿಸಿದವಳಲ್ಲ. ಹೋಗಬೇಡ ಎಂದಿದ್ದಳು; ಆದರೆ ಆ ರವಿವಾರದ ರಾತ್ರಿ ಏನೂ ಬರದಿದ್ದರೆ ಅವಳ ಮುಖವನ್ನು ನೋಡಬೇಕಾದವಳು ನಾನು. ಮೊದಲೇ ತಿಳಿದುಕೊಳ್ಳಬೇಕು ಎನ್ನಿಸಿತು. ನಾಲ್ಕು ದಿನ ಸಲಗರೆಯ ಶಾಲೆಯಲ್ಲಿ ಪಾಠ ಹೇಳುತ್ತಲೇ ಅಭಿಜಿತನಿಗೆ ಹೇಳಬೇಕಾದ ಮಾತನ್ನು ತಿದ್ದುತ್ತಿದ್ದೆ.

ಆ ವಾರ ಕ್ಷಮಾವಣಿ ಬಂತು. ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ, ಕೈ ಮುಗಿದವರಿಗೆ ತಿರುಗಿ ಕೈ ಮುಗಿಯಬೇಕು. ಅಂದು ನನ್ನನ್ನು ಬಾಗಿಲಲ್ಲೇ ಕಳಿಸಲಾರ ಎಂದು ಲೆಕ್ಕ ಹಾಕಿ ಸಾಂಗಲಿಯ ಬಸ್ ಹತ್ತಿದೆ. ಅವನೂ ಜೈನನೇ ಎಂಬುದನ್ನು ಅಷ್ಟು ಚೆನ್ನಾಗಿ ನೆನಪಿಟ್ಟವಳು ಅದರ ಇನ್ನೊಂದು ಅರ್ಥವನ್ನು ಯೋಚಿಸಲಿಲ್ಲ.

ಸ್ಟುಡಿಯೋದ ಹೊರಗಿನ ಕೋಣೆಯಲ್ಲಿ ನನ್ನನ್ನು ಕಂಡದ್ದೇ ಅಭಿಜಿತ ಎರಡೂ ಕೈ ಜೋಡಿಸಿದ.

"ಉತ್ತಮ ಕ್ಷಮಾ, ಬ್ರಾಹ್ಮಿ. ಕುಂದ್ರು. ಚಹಾ ತರಸ್ಲೇನು?"

ನಾನು ಕೈ ಮುಗಿಯಲಿಲ್ಲ. "ಯಾವ ತಪ್ಪಿಗೆ ಕೇಳಾಕತ್ತಿ?"

"ಅದನ್ನೆಲ್ಲಾ ಯಾರು ಹೆಸರಿಟ್ಟು ಕೇಳತಾರ?" ಅವನು ನಕ್ಕ. "ಒಟ್ಟಿಗೆ ಕೇಳೂದು, ಒಟ್ಟಿಗೆ ಬಿಡೂದು. ಮಾಸ್ತರೀಣಬಾಯಿ, ಇಲ್ಲಿ ಪೇಪರ್ ತಪಾಸ ಮಾಡಬ್ಯಾಡ."

"ಆ ಕ್ಯಾಸೆಟ್ ಅಕ್ಕಂದು."

"ಕೊಟ್ಟಾಳ."

"ಇಟ್ಟಕೋ ಅಂತ ಕೊಟ್ಟಾಳ. ನಿಂದು ಅಂತ ಹೇಳು ಅಂತ ಕೊಟ್ಟಿಲ್ಲ. ಇರಲಿ, ಹೆಸರು ಬೇಕಾಗಿಲ್ಲ ಆಕಿಗೆ. ರವಿವಾರ ಆಕಿ ದನಿ ಬರತದೋ ಇಲ್ಲೋ, ಅಷ್ಟ ಹೇಳು."

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಒಂದು ಕಾರ್ಯಕ್ರಮಕ್ಕ ಇಬ್ಬರು ನಿರೂಪಕರು ಇರಾಕ ಬರತದೇನು? ನಡುವ ಒಂದು ಹುಡುಗಿ ಬಂದು ಉಂಡು ಮಲಗ್ರಿ ಅಂದ್ರ ಕೇಳೋರು ಏನಂತಾರ? ಕಂಪ್ಯೂಟರಿಗೆ ಹಾಕೋವಾಗ ತಗದೇನಿ."

"ತಗದದ್ದು ಎಲ್ಲಿ ಐತಿ?"

"ತಗದದ್ದು ಅಂದ್ರ ತಗದದ್ದು. ಯಾರು ಇಟ್ಟಕೋತಾರ?"

"ಮತ್ತ ಕ್ಯಾಸೆಟ್?"

"ಮಹಾಪೂರದಾಗ ಹೋದೂ. ಮನಿಯೊಳಗ ಎದಿಮಟ ನೀರು. ಫ್ರಿಜ್ ತೇಲಿ ಹೋತು, ಅವ್ವನ ಹಾಸಿಗಿ ತೇಲಿ ಹೋತು. ನಿನಗ ಕ್ಯಾಸೆಟ್ಟಿನ ಕಾಳಜಿ." ಅದು ನಿಜವೇ ಇರಬೇಕು. ಆ ಒಂದು ಮಾತು ಹೇಳುವಾಗ ಮಾತ್ರ ಅವನ ದನಿ ರೇಡಿಯೋದ ದನಿಯಾಗಿರಲಿಲ್ಲ.

ನಾಲ್ಕು ದಿನ ತಿದ್ದಿದ ಮಾತು ಒಂದೂ ನೆನಪಾಗಲಿಲ್ಲ. "ಸರಪಳಿ ಸದ್ದು ಇಟ್ಟಿ. ಆಕಿ ದನಿ ಅಷ್ಟ ತಗದಿ," ಎಂದೆ.

"ಸರಪಳಿ ತನ್ನ ಹೆಸರು ಹೇಳೂದಿಲ್ಲಲ್ಲ," ಎಂದ. ಆಮೇಲೆ, ಬಾಗಿಲ ಬಳಿ ಕೂತ ಋತುಜಾ ಎಂಬ ಹುಡುಗಿಗೆ ಕೇಳುವಂತೆ ಮರಾಠಿಯಲ್ಲಿ ಸೇರಿಸಿದ: ಈಗ ಅಕ್ಕನಿಗೆ ಯಂತ್ರದ ದನಿ ಬಂದಿದೆಯಂತಲ್ಲ, ಅಪ್ಪಟ ನ್ಯೂ ವೇವ್. ಹುಡುಗಿ ನಗಲಿಲ್ಲ.

"ನಾ ಎಲ್ಲಾರಿಗೂ ಹೇಳ್ತೀನಿ."

"ಹೇಳು. ಸಾಕ್ಷಿಗೆ ಕಿರ್ ಅನ್ನೋದನ್ನ ಕರಕೊಂಡು ಬಾ. ಬ್ರಾಹ್ಮಿ, ನಾ ಕೈ ಮುಗದೇನಿ. ನೀ ಮುಗಿಲಿಲ್ಲ ಅಂದ್ರ ಪಾಪ ನಿಂದು. ಪಾಠಶಾಲಿಯೊಳಗ ಇಬ್ಬರೂ ಕೂಡೇ ಕಲತೇವಿ."

ನಾನು ಕೈ ಮುಗಿಯದೆಯೇ ಎದ್ದು ಬಂದೆ.

ಸಂಜೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆವು. ಬಾಗಿಲಲ್ಲಿ ಅಭಿಜಿತ ನಿಂತಿದ್ದ. ಬಿಳಿ ಜುಬ್ಬ, ಕೈಯಲ್ಲಿ ಪೇಢೆಯ ಪೊಟ್ಟಣ. ನನ್ನನ್ನು ದಾಟಿ ಒಳಗೆ ಹೋಗಿ ಅಕ್ಕನ ಕಾಲು ಮುಟ್ಟಿದ.

"ಸುಮನಕ್ಕಾ, ಉತ್ತಮ ಕ್ಷಮಾ. ತಿಳದು ತಿಳೀದ ಏನಾರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಅಕ್ಕನ ಮುಖದಲ್ಲಿ, ಆಪರೇಷನ್ನಿನ ನಂತರ ನಾನು ಕಾಣದ ಒಂದು ಹಿಗ್ಗು. ಬರೆದು ತೋರಿಸಿದಳು. ಅವನು ಗಟ್ಟಿಯಾಗಿ ಓದಿದ: "'ರವಿವಾರ ಕೇಳತೀನಿ. ಹಾದಿ ನೋಡಾಕತ್ತೇನಿ.'" ಕೊನೆಯ ಮಾತು ಅವನ ಬಾಯಲ್ಲಿ ಸಣ್ಣಗಾಯಿತು. ತಲೆ ಎತ್ತಿ ನನ್ನನ್ನು ನೋಡಿದ. ನಾನಿನ್ನೂ ಹೇಳಿಲ್ಲವೆಂಬುದು ಅವನಿಗೆ ಆಗ ತಿಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಅವನು ಹೇಳಿದ, "ಮುಂಜಾನಿ ಬ್ರಾಹ್ಮಿ ಸ್ಟುಡಿಯೋಕ್ಕ ಬಂದಿದ್ಳು, ಅಕ್ಕಾ. ಭಾಳ ಸಿಟ್ಟಿನಾಗ ಇದ್ಳು. ನಾ ಕೈ ಮುಗದ್ರೂ ಮುಗಿಲಿಲ್ಲ. ಇರಲಿ, ನಾ ಮನಸಿಗೆ ಹಚ್ಚಿಕೊಂಡಿಲ್ಲ. ಸ್ಟೇಷನ್ನಿನ ಮಂದಿ ಅಷ್ಟ ಸ್ವಲ್ಪ ಬ್ಯಾಸರ ಮಾಡಿಕೊಂಡ್ರು."

ಅಕ್ಕ ನನ್ನತ್ತ ತಿರುಗಿದಳು. ಮೊಬೈಲು ಮುಟ್ಟಲಿಲ್ಲ. ಮೊದಲು ತಾನು ಅವನಿಗೆ ಕೈ ಮುಗಿದಳು, ನಂತರ ಗದ್ದ ಎತ್ತಿ ನನ್ನ ಕೈಗಳನ್ನು ತೋರಿಸಿದಳು. ಮುಗಿ.

ಮುಗಿಯದಿದ್ದರೆ ಕಾರಣ ಹೇಳಬೇಕು. ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ನಿನ್ನ ದನಿಯನ್ನು ಇವನು ಕತ್ತರಿಸಿ ಎಸೆದಿದ್ದಾನೆ, ಇನ್ನು ಅದು ಎಲ್ಲಿಯೂ ಇಲ್ಲ. ಅಕ್ಕ ಕಾಯುತ್ತ ನಿಂತಿದ್ದಳು, ಕೊರಳಿನ ಆ ರಂಧ್ರದ ಮೇಲೆ ಸೆರಗು ಉಸಿರಿಗೆ ಏರಿ ಇಳಿಯುತ್ತಿತ್ತು.

ನಾನು ಕೈ ಮುಗಿದೆ. "ಉತ್ತಮ ಕ್ಷಮಾ."

"ಉತ್ತಮ ಕ್ಷಮಾ," ಎಂದ ಅಭಿಜಿತ, ರೇಡಿಯೋದ ದನಿಯಲ್ಲಿ.

ರವಿವಾರ ರಾತ್ರಿ ಅಕ್ಕ ಮೊಬೈಲನ್ನು ತಂದು ಪಡಸಾಲೆಯ ಕಿಟಕಿಯಲ್ಲಿಟ್ಟಳು. ನನ್ನನ್ನು ಕರೆಯಲಿಲ್ಲ, ನಾನೇ ಬಂದು ಬಾಗಿಲ ಬಳಿ ಕೂತೆ. ಹಾಡು, ಅಭಿಜಿತನ ಮಾತು, ಹಾಡು. ಪ್ರತಿ ಹಾಡು ಮುಗಿಯುವಾಗ ಅಕ್ಕನ ತುಟಿ ಅಲುಗುತ್ತಿತ್ತು, ಇದು ಮಿರಜದ ಎಂದು. ಪ್ರತಿ ಸಲ ಅಲ್ಲಿ ಅವನ ದನಿ ಬಂತು. ಸರಪಳಿ ಕಿರುಗುಟ್ಟಿತು. ಕೇಳುಗರಿಗೆ ಧನ್ಯವಾದ ಹೇಳಿ ಅವನು ಮಾಲೆಯನ್ನು ಮುಗಿಸಿದ. ಜಾಹೀರಾತು ಶುರುವಾಯಿತು, ಯಾವುದೋ ಸೀರೆ ಅಂಗಡಿಯದು. ಅಕ್ಕ ಅದನ್ನೂ ಕೊನೆಯವರೆಗೆ ಕೇಳಿದಳು.

ಆಮೇಲೆ ಬರೆದಳು. 'ನೀ ಅಲ್ಲಿ ಹೋಗಿ ಏನ ಹೇಳಿದಿ.'

ನಾನು ಓದಿ ಮುಗಿಸುವ ಮುಂಚೆಯೇ ಮೊಬೈಲು ಎಳೆದುಕೊಂಡು ಮತ್ತೆ ಬರೆದಳು.

'ಜಗಳಾ ತಗದಿ. ಅದಕ್ಕ ತಗದಾನ. ಸ್ಟೇಷನ್ನಿನವರು ತಗಿ ಅಂದಿರಬೇಕು.' ಪರದೆಯನ್ನು ನನ್ನ ಕಣ್ಣಿಗೆ ತೀರ ಹತ್ತಿರ ಹಿಡಿದಳು. 'ಆವಾಗೂ ತೂಗುಮಂಚ ಬಿಟ್ಟು ಇಳಿ ಅಂದ್ರ ಇಳಿಲಿಲ್ಲ. ಎಲ್ಲಾ ಹಾಡಿನ್ಯಾಗೂ ನಿನ್ನ ಗದ್ದಲ ಉಳದತಿ.'

ಆ ಕಿರ್ ಸದ್ದಿನಲ್ಲಿ ತೂಗುತ್ತಿದ್ದವಳು ನಾನೇ. ಅದು ನನಗೆ ಆವರೆಗೆ ಹೊಳೆದಿರಲೇ ಇಲ್ಲ.

'ನನ್ನ ದನಿ ಅವನ ಹತ್ರ ಐತಿ ಇನ್ನೂ. ಸಿಟ್ಟು ಇಳದ ಮ್ಯಾಲ ಹಾಕ್ತಾನ. ನೀ ಮಾತ್ರ ಮತ್ತ ಹೋಗಬ್ಯಾಡ. ಹೇಳು, ಜಗಳಾ ಮಾಡಿದಿಲ್ಲೋ.'

ಅವನ ಹತ್ರ ಐತಿ ಇನ್ನೂ. ಆ ಸಾಲನ್ನು ಎರಡು ಸಲ ಓದಿದೆ.

"ಹೌದು," ಎಂದೆ. "ಜಗಳಾ ಮಾಡಿದ್ನಿ. ನನ್ನಿಂದನ ಹೋತು."

ಅಕ್ಕ ಮೊಬೈಲು ಎತ್ತಿಕೊಂಡು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಅವಳು ಎಂದೂ ಚಿಲಕ ಹಾಕುವವಳಲ್ಲ. ನಾನು ಹಿಂಬಾಗಿಲು ನೋಡಿದೆ, ಗ್ಯಾಸು ನೋಡಿದೆ. ಪೇಢೆಯ ಪೊಟ್ಟಣ ಅಡಿಗೆಮನೆಯಲ್ಲಿ ಹಾಗೇ ಇತ್ತು, ಇರುವೆ ಹತ್ತಿತ್ತು. ಸ್ಟುಡಿಯೋದಲ್ಲಿ ಕೇಳಿದ್ದನ್ನು ಅಕ್ಕನಿಗೆ ಹೇಳುವುದಿಲ್ಲ, ಮ್ಹೈಸಾಳದ ಮಾಮಾನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ ನಿಂತು ನಿರ್ಧರಿಸಿದೆ. ಪೊಟ್ಟಣವನ್ನು ಇರುವೆಗಳ ಸಮೇತ ಹಿತ್ತಲಿಗೆ ಒಯ್ದಿಟ್ಟು ಬಂದು, ಹಿಂಬಾಗಿಲ ಚಿಲಕವನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ.