ಐವತ್ತೊಂಬತ್ತು ಬಂದಿಲ್ಲ

ಶವಪೆಟ್ಟಿಗೆಯ ಹಿತ್ತಾಳೆ ಹಿಡಿಕೆಗೆ ಕೈ ಹಾಕಿ, ಮಂಡಿ ಬಗ್ಗಿಸಿ, ಎಷ್ಟು ಭಾರವಿದೆಯೆಂದು ಮಾರ್ಲಾ ನೋಡುತ್ತಿದ್ದಾಗ ಬಾಗಿಲಲ್ಲಿ ದೊಡ್ಡಪ್ಪ ಕ್ಲೆಮ್ ಕೆಮ್ಮಿದರು.

"ಏನು ಮಾಡ್ತಿದ್ದೀಯ ಅಲ್ಲಿ?"

"ಏನಿಲ್ಲ ದೊಡ್ಡಪ್ಪ. ಸುಮ್ಮನೆ."

"ಸುಮ್ಮನೆ ಎತ್ತಿ ನೋಡೋಕೆ ಅದೇನು ಆಲೂಗಡ್ಡೆ ಮೂಟೆನಾ?"

ಮಾರ್ಲಾ ಕೈ ಹಿಂದಕ್ಕೆ ತೆಗೆದಳು. ನಲವತ್ತಾರು ವರ್ಷದವಳು, ಮಂಜುಗಟ್ಟಿದ ಗುಡ್ಡದ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸುವವಳು. ಆದರೂ ದೊಡ್ಡಪ್ಪನ ಎದುರು ಇನ್ನೂ ಚಿಕ್ಕ ಹುಡುಗಿಯೇ. ನಿನ್ನೆಯಿಂದ ಮನಸ್ಸಿನಲ್ಲಿ ನಯವಾಗಿ ಜೋಡಿಸಿಟ್ಟುಕೊಂಡಿದ್ದ ಮಾತು ಈಗ ಬರಿಗಾಲಲ್ಲಿ ಹೊರಗೆ ಓಡಿಬಂತು.

"ಅಪ್ಪನ್ನ ನಾನೂ ಹೊರಬೇಕು."

ಕ್ಲೆಮ್ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟರು. "ನೋಡು, ನಮ್ಮಲ್ಲಿ ಹೆಂಗಸರು ಹೊತ್ತಿದ್ದಿಲ್ಲ. ನಿಮ್ಮಜ್ಜಿನ ಹೊರೋಕೆ ಕಾರ್ಖಾನೆಯಿಂದ ಆರು ಜನ ಗಂಡಸರು ಪಾಳಿ ಬಿಟ್ಟು ಬಂದಿದ್ರು. ಹೋಗಲಿ, ಇದು ನನ್ನ ಮಾತೂ ಅಲ್ಲ. ಯಾರು ಹೊರಬೇಕು ಅಂತ ನಿಮ್ಮಪ್ಪ ಎಮಿಲ್ ತಾನೇ ಪಟ್ಟಿ ಬರೆದು, ಶವಸಂಸ್ಕಾರ ನೋಡ್ಕೊಳ್ಳೋ ಬರ್ನಾಟ್ ಕೈಗೆ ಕೊಟ್ಟಿದ್ದಾನೆ. ಆರು ಜನ. ಆರೂ ಅವನ ತಂಡದವರೇ ಅಂತೆ."

"ನನ್ನ ಹೆಸರು?"

"ಇಲ್ವಂತೆ, ಮಗಳೇ."

ಅವರು ಗದರಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆಲ್ಲಗೆ ಹೇಳಿದ್ದೇ ಚುಚ್ಚಿತು.

ಎಮಿಲ್ ಹುಡಾಕ್ ಹದಿನಾರು ವರ್ಷ ದೊಡ್ಡ ತಂಡದಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬಗೆಯ ಫುಟ್‌ಬಾಲ್ ಆಡಿದವನು. ನದಿಯ ಎರಡೂ ದಡದಲ್ಲಿ ಉಕ್ಕಿನ ಕಾರ್ಖಾನೆಗಳಿದ್ದ ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಅವನು ಓಡಲಿಲ್ಲ, ಅಂಕ ಗಳಿಸಲಿಲ್ಲ. ಅವನು ಸ್ನ್ಯಾಪರ್. ಎಲ್ಲರಿಗಿಂತ ಮುಂದೆ ಬಗ್ಗಿ ನಿಂತು, ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದಷ್ಟೇ ಅವನ ಕೆಲಸ. ಏಳು ಗಜ ಹಿಂದೆ ವೆಂಡೆಲ್ ಟಿಬ್ಸ್ ಅದನ್ನು ಹಿಡಿದು ಹುಲ್ಲಿನ ಮೇಲೆ ನಿಲ್ಲಿಸುತ್ತಿದ್ದ, ಗೆರ್ಹಾರ್ಟ್ ಓಡಿಬಂದು ಒದೆಯುತ್ತಿದ್ದ. ಒಂದು ಸೀನು ಬಂದು ಹೋಗುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು. ಚಪ್ಪಾಳೆ ಗೆರ್ಹಾರ್ಟ್‌ಗೆ. ಎಮಿಲ್ ಆಗಿನ್ನೂ ಮೇಲೆ ಬಿದ್ದ ಎದುರಾಳಿ ಯಾರದೋ ಮೈಕೆಳಗಿನಿಂದ ಏಳುತ್ತಿರುತ್ತಿದ್ದ.

*

ಅವನ ಹೆಸರು ಪತ್ರಿಕೆಯ ಮೊದಲ ಪುಟದಲ್ಲಿ ಬಂದದ್ದು ಒಂದೇ ಸಲ. ಡಿಸೆಂಬರಿನ ಕೆಸರಿನಲ್ಲಿ ಚೆಂಡು ಅವನ ಕೈಯಿಂದ ಜಾರಿ, ಹಿಂದಿದ್ದವನ ತಲೆಯ ಮೇಲೆ ಹಾರಿಹೋಗಿತ್ತು. ತಂಡ ಸೋತಿತ್ತು. ಮರುದಿನ ಬೆಳಿಗ್ಗೆ ಅಮ್ಮ ಪತ್ರಿಕೆಯನ್ನು ಕಸದ ಡಬ್ಬಕ್ಕೆ ತುರುಕಿದಳು. ಅಪ್ಪ ಅದನ್ನು ಕೇಳಲೇ ಇಲ್ಲ. ಚೆಂಡು ತೆಗೆದುಕೊಂಡು ಮನೆಯ ಹಿಂದಿನ ಓಣಿಗೆ ಇಳಿದ.

"ಮಾರ್ಲಾ, ಬಾ. ನೂರು ಎಸೆತ ಇದೆ."

ಒಂಬತ್ತು ವರ್ಷದ ಮಾರ್ಲಾ ಗೋಣಿಯ ಮೇಲೆ ಮಂಡಿಯೂರಿ ಕೈ ಚಾಚಿದಳು. ಪ್ರತಿ ಸಲವೂ ಅವನು ಬಗ್ಗಿದ ಹಾಗೇ ಕೇಳುತ್ತಿದ್ದ: "ಹೊಲಿಗೆ ಎಲ್ಲಿತ್ತು?"

"ಮೇಲೆ."

"ಈಗ?"

"ಪಕ್ಕಕ್ಕೆ."

"ಥೂ."

ಚೆಂಡಿನ ಹೊಲಿಗೆ ಒದೆಯುವವನ ಕಾಲಿಗೆ ತಾಗಬಾರದು. ಹಿಡಿದವನ ಕೈಯಲ್ಲಿ ಅದು ಮೇಲ್ಮುಖವಾಗಿಯೇ ಬಂದು ಕೂರಬೇಕು. ಅರವತ್ತಮೂರನೆಯದು ಮಾರ್ಲಾಳ ಎಡಗೈ ಕಿರುಬೆರಳಿಗೆ ಬಡಿಯಿತು. ಅವಳು ಕೈ ಒರೆಸಿಕೊಂಡು ಮತ್ತೆ ಚಾಚಿದಳು. ಉಳಿದ ಮೂವತ್ತೇಳನ್ನೂ ಹಿಡಿದಳು.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬರುವಾಗ ಅಪ್ಪ ಕೇಳಿದ, "ಅಲ್ವೇ, ಆಗಲೇ ಹೇಳೋದಲ್ವಾ?"

"ನೀನು ನೂರು ಅಂದಿದ್ದೆ."

ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ಅವಳ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ತನ್ನ ಅಂಗೈಯಲ್ಲಿಟ್ಟುಕೊಂಡ.

*

ಶವಪೆಟ್ಟಿಗೆ ಇಟ್ಟಿದ್ದ ಕೋಣೆಗೆ ಹತ್ತು ಗಂಟೆಗೆ ತಂಡದವರು ಬಂದರು. ವೆಂಡೆಲ್, ಗೆರ್ಹಾರ್ಟ್, ಮತ್ತೆ ಎಮಿಲ್‌ನ ಅಕ್ಕಪಕ್ಕ ಹೆಗಲು ಕೊಟ್ಟು ನಿಲ್ಲುತ್ತಿದ್ದ ಮೂವರು ದಡಿಯರು. ಎಲ್ಲರಿಗೂ ಎಪ್ಪತ್ತರ ಆಸುಪಾಸು. ಒಬ್ಬರ ನಡಿಗೆಯೂ ನೆಟ್ಟಗಿರಲಿಲ್ಲ. ಶವಸಂಸ್ಕಾರದ ವ್ಯವಸ್ಥೆ ನೋಡುವ ಬರ್ನಾಟ್ ಕೈಯಲ್ಲಿ ಚೀಟಿ ಹಿಡಿದು, ಒಬ್ಬೊಬ್ಬರ ಹಳೇ ನಂಬರು ಕೇಳಿ ಗುರುತು ಹಾಕಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಐದು ಜನ ಆಯ್ತು. ಐವತ್ತೊಂಬತ್ತು ಇನ್ನೂ ಬಂದಿಲ್ಲ."

"ಯಾರು ಬಂದಿಲ್ಲ?" ಎಂದ ಗೆರ್ಹಾರ್ಟ್.

"ಹುಡಾಕ್ ಅವರು ಹೆಸರು ಬರೆದಿಲ್ಲ ಸ್ವಾಮಿ, ಬರೀ ಅಂಗಿ ನಂಬರು ಬರೆದಿದ್ದಾರೆ. ನನಗೆ ಆಟ ತಿಳಿಯಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿ, ಹಳೇ ತಂಡದವರು ಆರು ಜನ ಬೇಕು ಅಂದೆ."

"ನಾನು ಬದುಕಿರೋರನ್ನೆಲ್ಲ ಹೊರಡಿಸ್ಕೊಂಡು ಬಂದಿದ್ದೀನಲ್ಲಪ್ಪ! ಇವನ ಸೊಂಟ, ನನ್ನ ಮಂಡಿ ನೋಡಿ. ಐದೇ ಜನ ಹೊತ್ತರೆ ನಾಳೆ ಇನ್ನೂ ಐದು ಪೆಟ್ಟಿಗೆ ಮಾಡಿಸ್ಬೇಕಾಗುತ್ತೆ."

ವೆಂಡೆಲ್ ಚೀಟಿ ಇಸಿದುಕೊಂಡು ಕನ್ನಡಕ ಹಾಕಿಕೊಂಡ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಮಾರ್ಲಾ ಹತ್ತಿರ ಹೋದರೆ, ಅವನು ನಗುತ್ತಿದ್ದ.

"ಐವತ್ತೊಂಬತ್ತು ಎಲ್ಲರಿಗಿಂತ ಮೊದಲೇ ಬಂದಿದೆ ಬರ್ನಾಟ್. ನೋಡಿ, ಈ ಪೆಟ್ಟಿಗೇಲಿ ಮಲಗಿದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ದಡಿಯರಲ್ಲೊಬ್ಬ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ತನ್ನ ಪೆಟ್ಟಿಗೆ ಹೊರೋಕೆ ತನ್ನನ್ನೇ ಬರ್ಕೊಂಡಿದ್ದಾನಾ?" ಕ್ಲೆಮ್ ಬೆರಗಾದರು. "ಕೊನೇಲಿ ಇವನಿಗೆ ಬುದ್ಧಿಗಿದ್ಧಿ—"

"ಬುದ್ಧಿ ಸರಿಯಾಗೇ ಇತ್ತು ಅಣ್ಣಾ," ಎಂದ ವೆಂಡೆಲ್. "ಇದು ನಾವು ನಿಲ್ತಿದ್ದ ಸಾಲು. ಹದಿನಾರು ವರ್ಷ ಕೈಗೆ ರೂಢಿಯಾದ ಸಾಲು. ಸ್ನ್ಯಾಪರ್ ಇಲ್ಲದೆ ಬರೆಯೋಕೆ ಆಗುತ್ತಾ? ಊರೆಲ್ಲ ಅವನನ್ನ ಮರೀತಿತ್ತು. ಅವನೊಬ್ಬನಾದ್ರೂ ನೆನಪಿಟ್ಕೋಬೇಡ್ವಾ?"

ಚೀಟಿ ಮಾರ್ಲಾಳ ಕೈಗೆ ಬಂತು. ನಡುಗುವ ಅಂಕಿಗಳು. ಎಲ್ಲಕ್ಕಿಂತ ಮುಂದೆ ಐವತ್ತೊಂಬತ್ತು. ಹಿಂಬದಿ ತಿರುಗಿಸಿದಳು, ಅಂಚು ನೋಡಿದಳು. ಬೇರೇನೂ ಇರಲಿಲ್ಲ. ಅವಳನ್ನು ಬೇಡವೆಂದೂ ಅಪ್ಪ ಬರೆದಿರಲಿಲ್ಲ, ಬೇಕೆಂದೂ ಬರೆದಿರಲಿಲ್ಲ. ಜಾಗ ಮಾತ್ರ ಖಾಲಿ ಇತ್ತು.

"ಆಯ್ತು ಬಿಡಿ," ಎಂದರು ಕ್ಲೆಮ್. "ನಮ್ಮ ಅಳಿಯ ಹೊರಗೆ ಕಾರು ನಿಲ್ಲಿಸ್ತಿದ್ದಾನೆ. ಕರೀತೀನಿ."

*

ಹದಿನಾರನೆಯ ವಯಸ್ಸಿನಲ್ಲಿ ಮಾರ್ಲಾ ಶಾಲೆಯ ತಂಡಕ್ಕೆ ಸೇರಲು ಹೋಗಿದ್ದಳು. ತರಬೇತಿ ಕೊಡುವವನು ಅವಳಿಗೆ ಚೆಂಡನ್ನೂ ಕೊಡಲಿಲ್ಲ. ಹುಡುಗರ ಬಟ್ಟೆ ಒಗೆಯುವ ಕೆಲಸವಿದೆ, ಬೇಕಾದರೆ ಬಾ ಎಂದ. ಅಪ್ಪ ಹೋಗಿ ಮಾತಾಡಿದ. ಅಲ್ಲೇನು ನಡೆಯಿತೋ, ಅವನು ಯಾವತ್ತೂ ಹೇಳಲಿಲ್ಲ. ಬಂದವನೇ ಓಣಿಗೆ ಇಳಿದು, ಕಲ್ಲಿನ ಮೇಲೆ ಗೋಣಿ ಹಾಸಿ, ಆಸ್ಪತ್ರೆಯಲ್ಲಿ ಎಂಟು ಸಲ ಕುಯ್ಯಿಸಿಕೊಂಡ ಮಂಡಿಗಳನ್ನು ನಿಧಾನವಾಗಿ ಊರಿದ.

"ಇವತ್ತಿಂದ ನೀನು ಎಸಿ."

"ಯಾವ ಆಟಕ್ಕೆ ಅಪ್ಪಾ?"

"ಎಸಿಯೇ ಮಾರಾಯ್ತಿ. ತಲೆ ತಗ್ಗಿಸು. ಪ್ರಪಂಚ ತಲೆಕೆಳಗಾಗಿ ಕಾಣುತ್ತೆ, ಹೆದರ್ಬೇಡ."

ಬೇಸಿಗೆಯಿಡೀ ಅವಳು ಎಸೆದಳು. ಅಪ್ಪ ಹಿಡಿದ, ಪ್ರತಿ ಸಲವೂ ಹೊಲಿಗೆ ಎಲ್ಲಿತ್ತೆಂದು ಕೂಗಿ ಹೇಳಿದ.

*

"ದೊಡ್ಡಪ್ಪ, ನಿಲ್ಲಿ."

ಕ್ಲೆಮ್ ಬಾಗಿಲಲ್ಲೇ ನಿಂತರು.

"ನಿಮ್ಮ ಅಳಿಯ ಒಳ್ಳೆಯವನೇ. ಆದ್ರೆ ಅಪ್ಪನ ಒಂದು ಚೆಂಡನ್ನಾದ್ರೂ ಹಿಡಿದಿದ್ದಾನಾ? ನಾನು ಹಿಡಿದಿದ್ದೀನಿ. ಎಸೆದೂ ಇದ್ದೀನಿ." ತಪ್ಪು ಮಾತಾಡುತ್ತಿದ್ದೇನೆಯೋ ಎಂಬ ಹಳೆಯ ಅಳುಕು ಎದೆಯಲ್ಲಿ ಹಾಗೇ ಇತ್ತು. ಆದರೂ ಮುಗಿಸಿದಳು. "ಆ ಜಾಗ ನನ್ನದು."

ವೆಂಡೆಲ್ ಅವಳ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದ. ಸೊಟ್ಟಗಾದ ಕಿರುಬೆರಳು. ಪಕ್ಕದಲ್ಲಿ ತನ್ನ ಕೈ ಇಟ್ಟ. ಅವನ ಕಿರುಬೆರಳೂ ಅದೇ ಗೆಣ್ಣಿನಲ್ಲಿ ಸೊಟ್ಟಗಿತ್ತು.

"ಇದಕ್ಕಿಂತ ಬೇರೆ ಚೀಟಿ ಬೇಕಾ ಅಣ್ಣಾ?"

ಕ್ಲೆಮ್ ಎರಡೂ ಬೆರಳು ನೋಡಿದರು. ಕೊನೆಗೆ ಜೇಬಿನಿಂದ ತಮ್ಮ ಚರ್ಮದ ಕೈಗವಸು ತೆಗೆದು ಚಾಚಿದರು.

"ತಗೋ. ಹಿಡಿಕೆ ಮಂಜಿನ ಹಾಗೆ ಕೊರೆಯುತ್ತೆ."

"ಬೇಡ ದೊಡ್ಡಪ್ಪ. ಅಪ್ಪ ಹಾಕ್ತಿರಲಿಲ್ಲ."

"ನಿಮ್ಮಪ್ಪನಷ್ಟೇ ಮೊಂಡಿ," ಎಂದು ಗೊಣಗಿ ಅವರು ಕೈಗವಸನ್ನು ಒಳಗಿಟ್ಟರು. ಹೋಗುವ ಮೊದಲು ಅವಳ ಕೋಟಿನ ಕಾಲರು ಸರಿಮಾಡಿದರು.

ಚರ್ಚಿನಲ್ಲಿ ಪೂಜೆ ಮುಗಿದಾಗ ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು. ಬಾಗಿಲು ಅಗಲವಾಗಿ ತೆರೆಯಿತು. ಹೊರಗೆ ಮೆಟ್ಟಿಲು, ಕೆಳಗೆ ಕಪ್ಪು ಕಾರು, ಎರಡೂ ಬದಿಯಲ್ಲಿ ಊರಿನ ಜನ. ಎಡಗಡೆ ಎಲ್ಲರಿಗಿಂತ ಮುಂದೆ ಮಾರ್ಲಾ ಹಿಡಿಕೆ ಹಿಡಿದಳು. ಆರು ಕೈಗಳಲ್ಲಿ ಪೆಟ್ಟಿಗೆ ಮೇಲೆದ್ದಿತು.

"ಹೊರಡಿ," ಎಂದರು ಬರ್ನಾಟ್ ಮೆಲ್ಲಗೆ.

ಯಾರೂ ಕದಲಲಿಲ್ಲ.

"ಹೊರಡಬಹುದು ಸ್ವಾಮಿ," ಎಂದರು ಮತ್ತೊಮ್ಮೆ.

ಯಾರದೋ ಮಂಡಿ ಹಿಡಿದುಕೊಂಡಿತೇನೋ ಎಂದು ಮಾರ್ಲಾ ಗಾಬರಿಯಿಂದ ಹಿಂದೆ ನೋಡಿದಳು. ಎಲ್ಲರೂ ಸರಿಯಾಗಿಯೇ ಇದ್ದರು. ದಡಿಯರು ಸ್ವಲ್ಪ ಬಾಗಿ, ನೆಲ ನೋಡುತ್ತ ನಿಂತಿದ್ದರು. ಗೆರ್ಹಾರ್ಟ್ ಒಂದು ಹಿಮ್ಮಡಿ ಎತ್ತಿದ್ದ. ವೆಂಡೆಲ್ ತನ್ನ ಖಾಲಿ ಕೈಯನ್ನು ಅವಳ ಕಡೆಗೆ ಚಾಚಿ ಅಂಗೈ ತೆರೆದಿದ್ದ. ನಾವು ಸಿದ್ಧ, ಇನ್ನು ನಿನ್ನಿಷ್ಟ ಎಂದು ಸ್ನ್ಯಾಪರ್‌ಗೆ ತಿಳಿಸುವ ಅಂಗೈ ಅದು. ಆಟದಲ್ಲಿದ್ದ ಹಾಗೇ, ಮುಂದೆ ನಿಂತವಳು ಕದಲುವ ತನಕ ಆ ಐವರೂ ಕದಲುವವರಲ್ಲ.

ಮಾರ್ಲಾ ಮುಂದಕ್ಕೆ ತಿರುಗಿದಳು. ಅವಸರ ಮಾಡಲಿಲ್ಲ. ಪೂರ್ತಿ ಒಂದು ಉಸಿರು ಎಳೆದುಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಹಿಂದೆ ಐದು ಜೊತೆ ಹಳೆಯ ಮಂಡಿಗಳು ಒಟ್ಟಿಗೇ ಲಟಕ್ಕೆಂದವು.